ಐದು ನಿಮಿಷದ ರೋಗಿ

ನಾಲ್ಕು ಜನ ಒಂದು ಕಡೆ ಸುಮ್ಮನೆ ಕೂತಿದ್ದರೆ ನನಗೆ ಕೈ ತುರಿಸುತ್ತದೆ. ಅವರನ್ನು ಎರಡು ಗುಂಪು ಮಾಡಬೇಕು, ಚೀಟಿ ಹಂಚಬೇಕು, ಒಬ್ಬರ ಬೆನ್ನಿಗೆ ಏನಾದರೂ ಬರೆದು ಅಂಟಿಸಿ ಉಳಿದವರಿಂದ ಸುಳಿವು ಕೊಡಿಸಬೇಕು, ಗೆದ್ದವರಿಗೆ ಒಂದು ಸಾಬೂನಿನ ಡಬ್ಬಿಯನ್ನಾದರೂ ಬಹುಮಾನ ಕೊಡಬೇಕು. ಇಲ್ಲದಿದ್ದರೆ ಉಂಡ ಅನ್ನ ಅರಗುವುದಿಲ್ಲ. ಇದು ಹುಟ್ಟುಗುಣವೋ ಆಮೇಲೆ ಅಂಟಿಕೊಂಡ ಚಾಳಿಯೋ ನನಗೇ ಗೊತ್ತಿಲ್ಲ. ಯುಗಾದಿಗೋ ದೀಪಾವಳಿಗೋ ನಮ್ಮ ಕಡೆಯವರೆಲ್ಲ ಲಂಡನ್ನಿನ ಹ್ಯಾರೋದಲ್ಲಿ ಒಂದು ಶಾಲೆಯ ಹಾಲ್ ಬಾಡಿಗೆಗೆ ಹಿಡಿದು ಸೇರಿದಾಗ, ನಾನು ಹೌಸಿ ಆಟದ ಚೀಟಿಗಳ ಚೀಲ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, "ಹೌಸಿ ಆಂಟಿ ಬಂದ್ರಪ್ಪಾ" ಎಂದು ಗುಸುಗುಸು ಏಳುತ್ತದೆ. ಗಂಡಸರು ಒಬ್ಬೊಬ್ಬರಾಗಿ ಕಾರ್ ಪಾರ್ಕಿನ ಕಡೆ ಸರಿಯುತ್ತಾರೆ. ಎಲ್ಲರಿಗಿಂತ ಮೊದಲು ಸರಿಯುವವರು ನಮ್ಮ ಯಜಮಾನರು. "ಆಸ್ಪತ್ರೆಯಿಂದ ಫೋನ್ ಬಂತು" ಅನ್ನುತ್ತಾರೆ. ಫೋನು ನೋಡಿದರೆ ನನ್ನ ಪರ್ಸಿನಲ್ಲೇ ಇರುತ್ತದೆ.

ನಾನು ಓದಿದ ಕಾಲದಲ್ಲಿ ಆಟಕ್ಕೂ ಪಾಠಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಮೈಸೂರಿನ ನಮ್ಮ ಶಾಲೆಯಲ್ಲಿ ಗಣಿತದ ಮೇಷ್ಟ್ರು "ಏನಮ್ಮಾ, ಆಟ ಆಡೋಕೆ ಬಂದಿದ್ದೀಯಾ ಇಲ್ಲಿ?" ಅಂದರೆ ಅದಕ್ಕಿಂತ ದೊಡ್ಡ ಬೈಗುಳ ಬೇರೆ ಇರಲಿಲ್ಲ. ಅಂಥಲ್ಲಿ ಮಗ್ಗಿ ಕಲಿತ ನಾನು ಲಂಡನ್ನಿಗೆ ಬಂದು, ಮಗಳು ಹೈಸ್ಕೂಲು ಸೇರಿದ ಮೇಲೆ, ಸ್ಟ್ಯಾನ್ಮೋರಿನ ನಮ್ಮ ಮನೆ ಹತ್ತಿರದ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರಿಗೆ ಸಹಾಯಕಿಯಾಗಿ ಸೇರಿಕೊಂಡೆ. ಅಲ್ಲಿ ನೋಡಿದರೆ ಲೋಕವೇ ಉಲ್ಟಾ. ಮಕ್ಕಳು ಸದ್ದಿಲ್ಲದೆ ಕೂತು ಬರೆಯುತ್ತಿದ್ದರೆ ಹೆಡ್ ಮೇಡಂ ಬಾಗಿಲಲ್ಲಿ ನಿಂತು ಹುಬ್ಬು ಗಂಟಿಕ್ಕುತ್ತಿದ್ದರು, ಏನೋ ಅನಾಹುತ ಆಗಿದೆ ಅನ್ನುವ ಹಾಗೆ. ಭಿನ್ನರಾಶಿಗೆ ರಟ್ಟಿನ ಪಿಜ್ಜಾ, ಕೂಡುವ ಲೆಕ್ಕಕ್ಕೆ ಹಾವು ಏಣಿ, ಸ್ಪೆಲಿಂಗ್‌ಗೆ ಆಯಸ್ಕಾಂತ ಕಟ್ಟಿದ ಗಾಳದಿಂದ ಅಕ್ಷರದ ಮೀನು ಹಿಡಿಯುವುದು. ಇವರು ಪಾಠ ಯಾವಾಗಪ್ಪಾ ಶುರು ಮಾಡ್ತಾರೆ ಎಂದು ನಾನು ಒಂದು ತಿಂಗಳು ಕಾದೆ. ಆಮೇಲೆ ಗೊತ್ತಾಯಿತು, ಅದೇ ಪಾಠ. ಅಷ್ಟು ಹೊತ್ತಿಗೆ ಆ ಗಾಳಕ್ಕೆ ನಾನೂ ಸಿಕ್ಕಿಬಿದ್ದಿದ್ದೆ.

ಅಲ್ಲಿ ಮಕ್ಕಳಿಗಷ್ಟೇ ಅಲ್ಲ, ನಮಗೂ ಆಟ. ವರ್ಷಕ್ಕೆ ಕೆಲವು ದಿನ ಮಕ್ಕಳಿಗೆ ರಜಾ ಕೊಟ್ಟು ಟೀಚರುಗಳಿಗೆ ತರಬೇತಿ ಇಡುತ್ತಾರೆ. ಒಂದು ಸಲ ಬಂದ ತರಬೇತಿಯಾಕೆ ನಮ್ಮನ್ನೆಲ್ಲ ದುಂಡಗೆ ನಿಲ್ಲಿಸಿ ಚೆಂಡು ಎಸೆದಳು. ಹಿಡಿದವರು ತಮ್ಮ ಬಗ್ಗೆ ಒಂದು ನಿಜ, ಒಂದು ಸುಳ್ಳು ಹೇಳಬೇಕು, ಉಳಿದವರು ಯಾವುದು ಯಾವುದು ಎಂದು ಕಂಡುಹಿಡಿಯಬೇಕು. ನಾನು ಸೆರಗು ಸಿಕ್ಕಿಸಿಕೊಂಡು ಚೆಂಡು ಹಿಡಿದು, "ನನಗೆ ಆನೆ ಸವಾರಿ ಬರುತ್ತೆ, ನನ್ನ ಗಂಡ ದಿನಾ ಜನರ ಪ್ರಜ್ಞೆ ತಪ್ಪಿಸಿ ಸಂಬಳ ತರ್ತಾರೆ" ಎಂದೆ. ಎಲ್ಲರೂ ಒಕ್ಕೊರಲಿನಿಂದ ಆನೆಯೇ ನಿಜ ಅಂದರು. ಮೈಸೂರಿನವಳು ನೋಡಿ. ನಮ್ಮ ಯಜಮಾನರು ಅರಿವಳಿಕೆ ಡಾಕ್ಟರು ಎಂದು ಎಷ್ಟು ಹೇಳಿದರೂ ಅವರಲ್ಲೊಬ್ಬ ಟೀಚರು ಈವತ್ತಿಗೂ ಆನೆ ವಿಷಯ ಕೇಳುವುದನ್ನು ಬಿಟ್ಟಿಲ್ಲ.

ಅರಿವಳಿಕೆಯವರ ವಿಷಯ ಒಂದು ಮಾತು ಹೇಳಲೇಬೇಕು. ಅವರ ಕೆಲಸದಲ್ಲಿ ರೋಗಿ ಮಾತಾಡುತ್ತಿದ್ದಾನೆ ಅಂದರೆ ಔಷಧ ಇನ್ನೂ ಏರಿಲ್ಲ ಅಂತ ಅರ್ಥ. ಇಡೀ ದಿನ ಮಾತಿಲ್ಲದ ಜನರ ನಡುವೆ ಇದ್ದು ಮನೆಗೆ ಬಂದರೆ ಬಾಗಿಲಲ್ಲೇ ನಾನು. ಪಾಪ, ನನ್ನ ಮೇಲೆ ಅವರ ಯಾವ ಔಷಧವೂ ನಡೆಯುವುದಿಲ್ಲ. ಈ ಮೌನಿಯೇ ಒಂದು ಸಂಜೆ, ಎರಡು ಸಾವಿರದ ಆಚೀಚಿನ ವರ್ಷವಿರಬೇಕು, ಒಬ್ಬ ಹುಡುಗನನ್ನು ಮನೆಗೆ ಕರೆದುಕೊಂಡು ಬಂದರು. "ಇವನು ವೀರೇಶ, ಧಾರವಾಡದವನು. ನಮ್ಮ ವಾರ್ಡಿನಲ್ಲಿ ಸಂಬಳ ಇಲ್ಲದೆ ನಿಂತು ನೋಡ್ತಾ ಇದಾನೆ. ಊಟ ಹಾಕು." ಅವರ ಮಟ್ಟಿಗೆ ಅದು ದೊಡ್ಡ ಭಾಷಣ.

ಹುಡುಗ ಅಂದೆನಲ್ಲ, ಮೂವತ್ತು ದಾಟಿದ ಡಾಕ್ಟರು. ಊರಿನಲ್ಲಿ ಒಳ್ಳೆ ಹೆಸರಿನಿಂದ ಓದಿದವನು. ಆದರೆ ಹೊರದೇಶದ ಡಾಕ್ಟರುಗಳು ಇಲ್ಲಿ ಕೆಲಸ ಮಾಡಬೇಕಾದರೆ ಒಂದು ಪರೀಕ್ಷೆ ಪಾಸು ಮಾಡಬೇಕು. ಅದರ ಬರೆಯುವ ಭಾಗವನ್ನು ಇವನು ಕಣ್ಣು ಮುಚ್ಚಿಕೊಂಡು ದಾಟಿದ್ದ. ಮಾಡಿ ತೋರಿಸುವ ಎರಡನೇ ಭಾಗದಲ್ಲಿ ಎರಡು ಸಲ ಬಿದ್ದಿದ್ದ. ಇನ್ನೊಂದು ಸಲ ಬಿದ್ದರೆ ವೀಸಾ ಮುಗಿಯುತ್ತಿತ್ತು, ಗಂಟುಮೂಟೆ ಕಟ್ಟಬೇಕು. ಇವನು ವಿಮಾನ ಹತ್ತಿದ ಮೇಲೆ ಊರಿನಲ್ಲಿ ಹೆಣ್ಣುಮಗು ಹುಟ್ಟಿತ್ತು. ಆ ಮಗು ಆಗಲೇ ಫೋನಿನಲ್ಲಿ "ಅಪ್ಪಾ ಯಾವಾಗ ಬರ್ತಿ" ಎನ್ನುವಷ್ಟು ಬೆಳೆದಿತ್ತು. ಪಾಸಾದರೆ ಹೆಂಡತಿ ಮಗುವನ್ನು ಇಲ್ಲಿಗೆ ಕರೆಸಿಕೊಳ್ಳುತ್ತೇನೆ ಎಂದು ಮಾತು ಕೊಟ್ಟಿದ್ದ. ಲಂಡನ್ನಿನ ಇನ್ನೊಂದು ಕಡೆ, ಹೇಸ್‌ನಲ್ಲಿ, ಇನ್ನೂ ಮೂವರ ಜೊತೆ ಒಂದು ಸಾಲುಮನೆಯ ಕೋಣೆಯಲ್ಲಿದ್ದ. ನನ್ನ ಹುಳಿಯನ್ನ ತಿನ್ನುತ್ತಾ ಇದನ್ನೆಲ್ಲ ಹೇಳಿ, ಕೊನೆಗೆ "ಏನೂ ಆಗೂದಿಲ್ಬಿಡ್ರಿ ಆಂಟಿ, ಈ ಸಲ ಆಗ್ತದ" ಅಂದ. ಆ ಮಾತಿನಲ್ಲೇ ಅವನ ರೋಗ ಇತ್ತು, ನನಗೆ ಆಮೇಲೆ ಗೊತ್ತಾಯಿತು.

ಆ ಎರಡನೇ ಭಾಗ ಹೇಗೆ ಅಂತೀರಿ? ಅದೇ ಒಂದು ಆಟ. ಸಾಲಾಗಿ ಪರದೆ ಕಟ್ಟಿದ ಗೂಡುಗಳು, ಪ್ರತಿ ಗೂಡಿನಲ್ಲಿ ಒಬ್ಬ ರೋಗಿ. ನಿಜವಾದ ರೋಗಿಯಲ್ಲ, ನಟ. ಡಾಕ್ಟರಿಗೆ ಐದೇ ನಿಮಿಷ. ಗಂಟೆ ಹೊಡೆದರೆ ಮುಂದಿನ ಗೂಡಿಗೆ ಓಡಬೇಕು. ಪಕ್ಕದಲ್ಲಿ ಒಬ್ಬ ಪರೀಕ್ಷಕ ಕಲ್ಲುಗಂಬದ ಹಾಗೆ ಕೂತು ಅಂಕ ಹಾಕುತ್ತಾನೆ. ರೋಗ ಏನು ಅಂತ ಕಂಡುಹಿಡಿದರೆ ಸಾಲದು, ರೋಗಿಯ ಜೊತೆ ಹೇಗೆ ಮಾತಾಡಿದೆ ಅನ್ನುವುದಕ್ಕೇ ಹೆಚ್ಚು ಬೆಲೆ. ಇದನ್ನು ಕೇಳಿದ ಕೂಡಲೇ ನನ್ನ ಕೈ ತುರಿಸಲು ಶುರುವಾಯಿತು. ಚೀಟಿ, ಗಂಟೆ, ಗೆಲುವು, ಸೋಲು, ಎಲ್ಲ ಇರುವ ಒಂದು ಪರೀಕ್ಷೆ ನನಗೆಂದೇ ದೇವರು ಮಾಡಿಸಿದ್ದ. "ವೀರೇಶ, ಭಾನುವಾರ ಬಾ. ನಾನೇ ರೋಗಿ" ಎಂದೆ. ಯಜಮಾನರು ಪೇಪರಿನ ಹಿಂದಿನಿಂದ "ಅದು ನಿಜ" ಎಂದರು.

ಭಾನುವಾರ ಅವನ ಜೊತೆ ಲವೀನಾ ಕೂಡ ಬಂದಳು. ಅವಳು ಮಂಗಳೂರಿನವಳು, ಮನೆಮಾತು ಕೊಂಕಣಿ. ಫೆಲ್ಥಮ್‌ನಲ್ಲಿ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವ ಅಣ್ಣನ ಮನೆಯಲ್ಲಿದ್ದುಕೊಂಡು ಇದೇ ಪರೀಕ್ಷೆಗೆ ಮೊದಲ ಸಲ ಕೂರುತ್ತಿದ್ದಳು. ನಾನು ಯಜಮಾನರಿಂದ ಬಗೆಬಗೆಯ ಕಾಯಿಲೆ ಬರೆಸಿ, ಚೀಟಿ ಮಡಿಸಿ, ಸ್ಟೀಲ್ ಡಬ್ಬಿಗೆ ಹಾಕಿಟ್ಟಿದ್ದೆ. ಚೀಟಿ ನಾನು ಎತ್ತಬೇಕು, ಡಾಕ್ಟರು ಬಾಗಿಲು ತಟ್ಟಿ ಒಳಗೆ ಬರಬೇಕು. ಗಂಟೆಗೆ ದೇವರ ಮನೆಯ ಗಂಟೆಯೇ ಗತಿ. ಒಬ್ಬೊಬ್ಬರಿಗೂ ಒಂದು ಬಟ್ಟಲು ಗೋಡಂಬಿ, ತಪ್ಪು ಮಾತಿಗೊಂದು ಗೋಡಂಬಿ ವಾಪಸ್. ರೋಗಿ ಹೇಳುವುದನ್ನು ಅರ್ಧಕ್ಕೆ ತಡೆದರೆ ಒಂದು. ಅರ್ಥವಾಗದ ಡಾಕ್ಟರಿ ಮಾತು ಬಳಸಿದರೆ ಒಂದು. ಪೂರಾ ವಿಷಯ ಕೇಳದೆ "ಏನೂ ಆಗಲ್ಲ, ಯೋಚನೆ ಮಾಡಬೇಡಿ" ಅಂದರೆ ಎರಡು. ಆಟವೆಲ್ಲ ಇಂಗ್ಲಿಷಿನಲ್ಲೇ. ಸೋತಾಗ ಗೊಣಗುವುದು ಮಾತ್ರ ಅವರವರ ಊರಿನ ಕನ್ನಡದಲ್ಲಿ. ನಾನು ನಿಮಗೆ ಎಲ್ಲವನ್ನೂ ಕನ್ನಡದಲ್ಲೇ ಹೇಳುತ್ತಿದ್ದೇನೆ.

ಮೊದಲ ದಿನ ನನ್ನ ಚೀಟಿಗೆ ಬಂದದ್ದು ಹೊಟ್ಟೆನೋವು. ಕಾರಣ, ಆಕೆ ಗುಟ್ಟಾಗಿ ಕುಡಿಯುತ್ತಾಳೆ. ವೀರೇಶ ಬಂದ, ಕೂತ. ಎಲ್ಲಿ ನೋವು, ಎಷ್ಟು ದಿನದಿಂದ, ಊಟದ ಮೊದಲೋ ಆಮೇಲೋ, ಎಲ್ಲ ಚೊಕ್ಕವಾಗಿ ಕೇಳಿದ. ಆಮೇಲೆ ಕುಡಿತದ ಹತ್ತಿರ ಬಂದು ಗಾಡಿ ನಿಂತಿತು. ನನ್ನ ಮುಖ ನೋಡಿದ, ಹಣೆಯ ಕುಂಕುಮ ನೋಡಿದ, ಗೋಡೆಯ ಮೇಲಿನ ವೆಂಕಟರಮಣನನ್ನು ನೋಡಿದ, ಬೆವರಿದ. ಕೊನೆಗೆ ಗಂಟಲು ಸರಿಮಾಡಿಕೊಂಡು, "ಮೇಡಂ, ನಿಮ್ಮ ಯಜಮಾನರು ಕುಡೀತಾರಾ?" ಎಂದು ಕೇಳಿದ. ಪಕ್ಕದ ಕೋಣೆಯಿಂದ "ನನ್ನನ್ಯಾಕಯ್ಯಾ ಎಳೀತೀಯಾ?" ಎಂದು ದನಿ ಬಂತು. ಲವೀನಾ ನಕ್ಕೂ ನಕ್ಕೂ ಕೆಮ್ಮಿದಳು. "ಎಂತ ಡಾಕ್ಟ್ರೇ, ಹೊಟ್ಟೆನೋವು ಆಂಟಿಗೆ, ಕುಡಿಯುವುದು ಅಂಕಲ್ಲಾ?" ವೀರೇಶ ಕೈ ಮುಗಿದುಬಿಟ್ಟ. "ಹ್ಯಾಂಗ ಕೇಳ್ಲಿ ಆಂಟಿ? ನೀವು ನಮ್ಮವ್ವನ ವಾರಗಿಯವ್ರು. ನೀವು ಕುಡೀತೀರೇನು ಅಂತ ಕೇಳಿದ್ರ ನಮ್ಮ ಮನ್ಯಾಗ ನನ್ನ ಹೊರಗ ಹಾಕ್ತಾರ್ರೀ." ಪಾಪ, ಎರಡು ಸಲ ಅವನು ಬಿದ್ದದ್ದು ವೈದ್ಯದಲ್ಲಲ್ಲ, ಮರ್ಯಾದೆಯಲ್ಲಿ. ಆವತ್ತು ಅವನಿಂದ ಆ ಪ್ರಶ್ನೆ ಹೇಳಿಸಿ ಹೇಳಿಸಿ, ಸಂಜೆ ಹೊರಡುವ ಹೊತ್ತಿಗೆ ಅವನು ನನ್ನ ಕಣ್ಣಲ್ಲಿ ಕಣ್ಣಿಟ್ಟು "ವಾರಕ್ಕೆ ಎಷ್ಟು ಕುಡೀತೀರಿ?" ಎಂದು ಕೇಳುವ ಮಟ್ಟಕ್ಕೆ ಬಂದ. ಅದೇ ಸಮಯಕ್ಕೆ ಪಕ್ಕದ ಮನೆಯ ಗುಜರಾತಿ ಹೆಂಗಸು ಮೆಂತ್ಯಸೊಪ್ಪು ಕೊಡಲು ಬಂದು ಬಾಗಿಲಲ್ಲಿ ನಿಂತಿದ್ದಳು. ನಾನು ಏನು ವಿವರಣೆ ಕೊಟ್ಟರೂ ಆಕೆ ಸೊಪ್ಪು ಕೊಟ್ಟು ಬೇಗ ಹೋದಳು.

ನನ್ನದೂ ತಪ್ಪಿತ್ತು. ನನಗೆ ಪಾತ್ರ ಸಿಕ್ಕಿದರೆ ಬಿಡುವುದಕ್ಕೆ ಮನಸ್ಸಾಗುವುದಿಲ್ಲ. ಮಂಡಿನೋವಿನ ಚೀಟಿ ಬಂದರೆ, ಆ ಮಂಡಿ ಯಾವ ಮದುವೆಯಲ್ಲಿ ಜಾರಿಬಿದ್ದದ್ದು, ಅಲ್ಲಿ ನಾದಿನಿ ಕೈ ಕೊಡದೆ ಹೇಗೆ ನಗುತ್ತಾ ನಿಂತಿದ್ದಳು, ಅವಳಿಗೆ ತೌರಿನಿಂದ ಬಂದ ಬಳೆ ಯಾರದು, ಎಲ್ಲ ಬರಬೇಕು. ಗಂಟೆ ಹೊಡೆಯುವಾಗ ಡಾಕ್ಟರು ಇನ್ನೂ ಮಂಡಿ ಮುಟ್ಟಿರುತ್ತಿರಲಿಲ್ಲ. "ಆಂಟಿ, ಪರೀಕ್ಷೆಯ ರೋಗಿ ಇಷ್ಟೆಲ್ಲ ಮಾತಾಡುವುದಿಲ್ಲ ಮಾರಾಯ್ರೆ" ಎಂದು ಲವೀನಾ ತಲೆ ಮೇಲೆ ಕೈ ಹೊತ್ತಳು. ರಜೆಗೆ ಬಂದ ಮಗಳು ಬಾಗಿಲಲ್ಲಿ ನಿಂತು ನೋಡಿ, "ಅಮ್ಮಾ, ಪ್ಲೀಸ್, ಲೆಟ್ ದೆಮ್ ಸ್ಟಡಿ" ಎಂದು ಹೇಳಿ ಹೋದಳು. ಆಟದಲ್ಲಿ ಎಲ್ಲರಿಗಿಂತ ಹೆಚ್ಚು ಮಜಾ ಬರುತ್ತಿದ್ದದ್ದು ನನಗೇ ಏನೋ ಎಂಬ ಅನುಮಾನ ಆಗಲೇ ಬಂದಿತ್ತು. ಆದರೆ ಭಾನುವಾರ ಬಂದರೆ ನಾನೇ ಮೊದಲು ಡಬ್ಬಿ ತೆಗೆಯುತ್ತಿದ್ದೆ.

ಎಲ್ಲಕ್ಕಿಂತ ಕಷ್ಟದ ಚೀಟಿ ಬೇರೆ ಇತ್ತು. ಕೆಟ್ಟ ಸುದ್ದಿ ಹೇಳುವುದು. ನಿಮ್ಮ ಗಂಡ ಆಪರೇಷನ್ ಟೇಬಲ್ಲಿನ ಮೇಲೆ ತೀರಿಕೊಂಡರು ಎಂದು ಹೊರಗೆ ಕಾದಿರುವ ಹೆಂಡತಿಗೆ ತಿಳಿಸಬೇಕು. ಇಲ್ಲಿಯವರ ಪದ್ಧತಿ ಏನೆಂದರೆ, ಕೂರಿಸಬೇಕು, ಒಳ್ಳೆಯ ಸುದ್ದಿಯಲ್ಲ ಎಂದು ಮೊದಲೇ ಒಂದು ಮಾತು ಹೇಳಬೇಕು, ಆಮೇಲೆ ಸುತ್ತಿ ಬಳಸದೆ ‘ಸತ್ತುಹೋದರು’ ಅಂತಲೇ ಹೇಳಬೇಕು. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಇರಬೇಕು. ಅವರು ಅತ್ತರೆ ಅಳಲಿ, ಸುಮ್ಮನಿದ್ದರೆ ಸುಮ್ಮನಿರಲಿ. ಅವರೇ ಮಾತಾಡುವವರೆಗೆ ಕಾಯಬೇಕು. ಕೊನೆಗೆ, ಮನೆಯಲ್ಲಿ ನಿಮ್ಮ ಜೊತೆಗೆ ಯಾರಾದರೂ ಇದ್ದಾರಾ, ಯಾರಿಗಾದರೂ ಫೋನ್ ಮಾಡಲಾ ಎಂದು ಕೇಳಬೇಕು. ವೀರೇಶ ಕೇಳಿ ದಂಗಾದ. "ಸತ್ರು ಅಂತ ಹ್ಯಾಂಗ ಹೇಳೂದ್ರೀ? ಎತ್ತು ಸತ್ತ್ರ ಹಂಗ ಅಂತೀವಿ." ಅವನ ಸರದಿ ಬಂದಾಗ ಒಳಗೆ ಬಂದು, ಕೂತು, ಬಹಳ ಹೊತ್ತು ನೆಲ ನೋಡಿ, "ಊಟ ಆಯ್ತೇನ್ರಿ ತಮ್ಮದು?" ಎಂದು ಶುರು ಮಾಡಿದ. ಆಮೇಲೆ "ಸ್ವಲ್ಪ ಸೀರಿಯಸ್ ಅದ, ಆದ್ರ ದೇವರಿದ್ದಾನ" ಎಂದ. ಗಂಟೆ ಹೊಡೆಯುವವರೆಗೂ ಗಂಡನನ್ನು ಸಾಯಲು ಬಿಡಲಿಲ್ಲ.

ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನಮ್ಮ ಕಡೆ ಯಾರು ತಾನೇ ಆ ಸುದ್ದಿಯನ್ನು ನೆಟ್ಟಗೆ ಹೇಳಿದ್ದಾರೆ? ಮೈಸೂರಿನಲ್ಲಿ ನಮ್ಮ ತಾತ ಹೋದಾಗ, ಶಿವಮೊಗ್ಗದಲ್ಲಿದ್ದ ಸೋದರತ್ತೆಯನ್ನು ಕರೆತರಲು ಚಿಕ್ಕಪ್ಪ ಹೋದರು. "ಅಪ್ಪಂಗೆ ಸ್ವಲ್ಪ ಹುಷಾರಿಲ್ಲ, ನೋಡ್ಬೇಕಂತೆ" ಅಷ್ಟೇ ಹೇಳಿದರು. ದಾರಿಯುದ್ದಕ್ಕೂ ಅವಳ ಹೊಟ್ಟೆ ಖಾಲಿಯಾಗದ ಹಾಗೆ ನೋಡಿಕೊಂಡರು, ಮನೆ ಮುಟ್ಟಿದ ಮೇಲೆ ಅವಳು ಒಂದು ತುತ್ತೂ ಮುಟ್ಟುವುದಿಲ್ಲವಲ್ಲ ಎಂದು. ಅರಸೀಕೆರೆಯಲ್ಲಿ ಇಡ್ಲಿ, ಚನ್ನರಾಯಪಟ್ಟಣದಲ್ಲಿ ಬೆಣ್ಣೆ ಹಾಕಿದ ದೋಸೆ. ಎಷ್ಟೋ ವರ್ಷದ ಮೇಲೆ ಅತ್ತೆ ಹೇಳಿದಳು, "ನನಗೆ ಅರಸೀಕೆರೆಯಲ್ಲೇ ಗೊತ್ತಾಯ್ತು ಕಣೇ. ಆ ಜುಗ್ಗ ಯಾವತ್ತು ನನಗೆ ಎರಡನೇ ಪ್ಲೇಟ್ ಇಡ್ಲಿ ಕೊಡಿಸಿದ್ದ? ಗೊತ್ತಾದ್ರೂ ತಿಂದೆ. ಪಾಪ, ಅವನು ಅಷ್ಟು ಕಷ್ಟಪಟ್ಟು ಮುಚ್ಚಿಡ್ತಾ ಇದ್ನಲ್ಲ." ಇದನ್ನು ನಾನು ಇವರಿಬ್ಬರಿಗೂ ಹೇಳಿದೆ. ಲವೀನಾ, "ನಮ್ಮಲ್ಲಿಯೂ ಹಾಗೆಯೇ ಆಂಟಿ, ಮನೆ ಮುಂದೆ ಜನ ಕಂಡ ಮೇಲೆಯೇ ಗೊತ್ತಾಗುವುದು" ಎಂದಳು. ಯಾವುದು ಕರುಣೆ, ಯಾವುದು ಹೇಡಿತನ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ, ಇನ್ನೂ ಬಗೆಹರಿದಿಲ್ಲ. ಪರೀಕ್ಷೆಯಲ್ಲಿ ಮಾತ್ರ ಹೀಗೆ ಮುಚ್ಚಿಡುವುದಕ್ಕೆ ಅಂಕ ಇರಲಿಲ್ಲ.

ಹಾಗಾಗಿ ಸುಮ್ಮನಿರುವ ಆಟ ಶುರುವಾಯಿತು. ಸುದ್ದಿ ಹೇಳಿದ ಮೇಲೆ ಮೊದಲು ಯಾರು ಬಾಯಿ ಬಿಡುತ್ತಾರೋ ಅವರ ಗೋಡಂಬಿ ಹೋಯಿತು. ನೋಡಿದರೆ, ಕೋಣೆಯಲ್ಲಿ ಎಲ್ಲರಿಗಿಂತ ಮೊದಲು ಸೋಲುತ್ತಿದ್ದವಳು ನಾನು. ಗಂಡ ಸತ್ತ ಸುದ್ದಿ ಕೇಳಿದ ಹೆಂಡತಿಯಾದ ನಾನು, ಅರ್ಧ ನಿಮಿಷ ಕಳೆದರೆ "ಅಲ್ಲಾ, ಕುಕ್ಕರ್ ಎಷ್ಟು ಸಲ ಕೂಗಿತು?" ಎಂದು ಕೇಳಿಬಿಡುತ್ತಿದ್ದೆ. ನಡುವೆ ಕಾಫಿ ಲೋಟ ಹಿಡಿದು ಬಂದು ಕೂತ ನಮ್ಮ ಯಜಮಾನರು ಬಾಯಿ ಬಿಡದೆ ಎಲ್ಲರ ಗೋಡಂಬಿಯನ್ನೂ ಗೆದ್ದು ತಿಂದುಕೊಂಡು ಹೋದರು. ಆದರೆ ವೀರೇಶ ಕಲಿತ. ವಾರದಿಂದ ವಾರಕ್ಕೆ ಅವನ ಮುಖ ಬದಲಾಯಿತು. ‘ಏನೂ ಆಗೂದಿಲ್ರಿ’ ತುಟಿಯವರೆಗೆ ಬಂದರೂ ನುಂಗಿಕೊಳ್ಳುತ್ತಿದ್ದ. ಹೇಸ್‌ನಿಂದ ಎರಡು ಬಸ್ಸು ಬದಲಿಸಿ ಬರುವಾಗ, ಪಕ್ಕದಲ್ಲಿ ಕೂತವರೊಡನೆ ಸುಮ್ಮನಿರುವುದನ್ನೂ ಅಭ್ಯಾಸ ಮಾಡುತ್ತಿದ್ದೇನೆ ಎಂದ. ಲಂಡನ್ ಬಸ್ಸಿನಲ್ಲಿ ಅದಕ್ಕೆ ವಿಶೇಷ ಶ್ರಮ ಬೇಕಿಲ್ಲಪ್ಪಾ ಎಂದೆ.

ಪರೀಕ್ಷೆಗೆ ಮುಂಚಿನ ಭಾನುವಾರ ಅದೇ ಚೀಟಿ ಮತ್ತೆ ಬಂತು. ವೀರೇಶ ಬಾಗಿಲು ತಟ್ಟಿ ಬಂದ. ಕುರ್ಚಿಯನ್ನು ನನ್ನ ಎದುರಿಗಲ್ಲದೆ ಸ್ವಲ್ಪ ಪಕ್ಕಕ್ಕೆ ಎಳೆದು ಕೂತ. ನನ್ನ ಹೆಸರು ಕೇಳಿದ. "ನಿಮಗೆ ಹೇಳಬೇಕಾದ ಸುದ್ದಿ ಒಳ್ಳೆಯದಲ್ಲ" ಎಂದ. ಸ್ವಲ್ಪ ತಡೆದು, "ಆಪರೇಷನ್ ನಡೆಯುವಾಗ ಅವರ ಹೃದಯ ನಿಂತಿತು. ನಾವು ಪ್ರಯತ್ನ ಮಾಡಿದೆವು. ನಿಮ್ಮ ಯಜಮಾನರು ಸತ್ತುಹೋದರು. ನನಗೆ ತುಂಬಾ ಬೇಸರವಾಗಿದೆ" ಎಂದ. ಆಮೇಲೆ ಸುಮ್ಮನಾದ. ಆ ಸುಮ್ಮನಿರುವಿಕೆಯಲ್ಲಿ ಏನಿತ್ತೋ, ನನ್ನ ಕಣ್ಣು ತುಂಬಿ ಹರಿಯಿತು, ನಾಟಕವಲ್ಲ. ಕುಕ್ಕರಿನ ನೆನಪೂ ಬರಲಿಲ್ಲ. ಮೂವತ್ತು ವರ್ಷ ಜೊತೆಗಿದ್ದವರು ಒಂದು ದಿನ ಹೀಗೆಯೇ ಯಾರದೋ ಬಾಯಿಂದ ಇಲ್ಲವಾಗುತ್ತಾರಲ್ಲ ಅನ್ನಿಸಿ ಬಿಕ್ಕಿದೆ. ಆಗ ಪಕ್ಕದ ಕೋಣೆಯಿಂದ "ನಾನು ಇನ್ನೂ ಇದೀನಿ, ಒಂದು ಲೋಟ ಕಾಫಿ ಸಿಗುತ್ತಾ?" ಎಂದು ಕೇಳಿತು. ಆವತ್ತು ಕಾಫಿಯನ್ನು ನಾನೇ ಎದ್ದು ಹೋಗಿ ಅವರ ಕೈಗೆ ಕೊಟ್ಟೆ, ಸಕ್ಕರೆ ಬೇಡ ಅಂತ ಡಾಕ್ಟರು ಹೇಳಿದ್ದರೂ ಒಂದು ಚಮಚ ಹಾಕಿ.

ಪರೀಕ್ಷೆ ಮುಗಿಸಿ ಇಬ್ಬರೂ ಖುಷಿಯಲ್ಲೇ ಬಂದರು. ಫಲಿತಾಂಶ ಕಂಪ್ಯೂಟರಿನಲ್ಲಿ ಬರುತ್ತದೆ ಎಂದಿದ್ದರು. ಹೇಸ್‌ನ ಆ ಮನೆಯಲ್ಲಿ ಕಂಪ್ಯೂಟರಿರಲಿಲ್ಲ. ವೀರೇಶ ತನ್ನ ನಂಬರನ್ನು ನನಗೆ ಕೊಟ್ಟು, "ನೀವ ನೋಡ್ರಿ ಆಂಟಿ, ನನಗ ಧೈರ್ಯ ಸಾಲೂದಿಲ್ಲ. ವಾರ್ಡ್ ಮುಗಿಸ್ಕೊಂಡು ಮಧ್ಯಾಹ್ನ ಊಟಕ್ಕ ಬರ್ತೀನಿ" ಎಂದಿದ್ದ. ಶಾಲೆಗೆ ಅರ್ಧ ದಿನ ರಜಾ ಹಾಕಿ, ದೇವರಿಗೆ ದೀಪ ಹಚ್ಚಿ ಕಂಪ್ಯೂಟರಿನ ಮುಂದೆ ಕೂತೆ. ಅಷ್ಟರಲ್ಲಿ ಲವೀನಾ ಫೋನ್ ಮಾಡಿದಳು. "ಆಂಟೀ, ಪಾಸಾಯ್ತು!" ಹಿಂದೆ ಅವಳ ಅಣ್ಣ ಕೂಗಾಡುವುದು ಕೇಳುತ್ತಿತ್ತು. ನಾನೂ ಕೂಗಾಡಿದೆ. ಫೋನ್ ಇಟ್ಟು ಕಂಪ್ಯೂಟರಿನಲ್ಲಿ ವೀರೇಶನ ನಂಬರು ಒತ್ತಿದೆ. ಪಾಸಾದವರಲ್ಲಿ ಇಲ್ಲ. ತಪ್ಪು ಒತ್ತಿದೆನೇನೋ ಎಂದು ಕನ್ನಡಕ ಒರೆಸಿ ಮತ್ತೆ ಒತ್ತಿದೆ. ಇಲ್ಲವೆಂದರೆ ಇಲ್ಲ. ಆಗಲೇ ಬಾಗಿಲ ಗಂಟೆ ಹೊಡೆಯಿತು.

ಇಷ್ಟೆಲ್ಲ ಕಲಿಸಿದ ಪಂಡಿತೆ ನಾನು ಏನು ಮಾಡಿದೆ ಗೊತ್ತೇ? ಬಾಗಿಲು ತೆಗೆದವಳೇ, "ಬಾಪ್ಪಾ, ಎಷ್ಟು ಚಳಿ ನೋಡು, ಶೂ ಅಲ್ಲೇ ಬಿಡು, ಊಟ ಆಯ್ತಾ?" ಎಂದೆ. ಊಟಕ್ಕೆಂದೇ ಬಂದವನಿಗೆ ಊಟ ಆಯ್ತಾ ಎಂದು ಕೇಳಿದೆ! ತಟ್ಟೆ ಇಟ್ಟೆ. ಅನ್ನ, ತಿಳಿಸಾರು, ಹುರುಳಿಕಾಯಿ ಪಲ್ಯ, ಕರಿದ ಹಪ್ಪಳ. ಅವನಿಗೆಂದು ಹಿಂದಿನ ದಿನವೇ ಜೋಳದ ಹಿಟ್ಟು ತರಿಸಿ ರೊಟ್ಟಿ ತಟ್ಟಿದ್ದೆ. ಅದು ಇಂಗ್ಲೆಂಡಿನ ಭೂಪಟದ ಹಾಗೆ ಬಂದಿತ್ತು, ಅದನ್ನೂ ಬಡಿಸಿದೆ. ಬಡಿಸುತ್ತಾ ಬಾಯ್ಲರ್ ಕೆಟ್ಟದ್ದು, ರಿಪೇರಿಯವನು ಬರುತ್ತೇನೆಂದು ಬಾರದೇ ಇದ್ದದ್ದು, ಕೌನ್ಸಿಲಿನವರು ಕಸದ ಡಬ್ಬಿ ಬದಲಿಸಿದ್ದು, ಎಲ್ಲ ಹೇಳಿದೆ. ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರೆ ಎಲ್ಲಿ ಅವನು ಕೇಳಿಬಿಡುತ್ತಾನೋ ಎಂದು ಉಸಿರನ್ನೂ ಬಿಡಲಿಲ್ಲ. ಅವನು ತಲೆ ತಗ್ಗಿಸಿ ಊಟ ಮಾಡುತ್ತಿದ್ದ. ಎರಡನೇ ಸಲ ಅನ್ನ ಬಡಿಸಿದರೂ ಬೇಡ ಅನ್ನಲಿಲ್ಲ. ಮೂರನೇ ರೊಟ್ಟಿಗೂ ಬೇಡ ಅನ್ನಲಿಲ್ಲ. ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು, "ನಾ ಫೇಲ್ ಆಗೇನಿ, ಅಲ್ರಿ ಆಂಟಿ?" ಎಂದ.

"ಅಯ್ಯೋ, ಏನೂ ಆಗಲ್ಲ ಬಿಡೋ" ಎಂದೆ. ಎಂದವಳೇ ಅಲ್ಲೇ ಕುರ್ಚಿಯ ಮೇಲೆ ಕುಸಿದು ಅಳಲು ಶುರು ಮಾಡಿದೆ. ಆ ಮಗುವಿನ ಮುಖ ನಾನು ಫೋಟೋದಲ್ಲಷ್ಟೇ ನೋಡಿದ್ದೆ, ಅದು ಕಣ್ಣಮುಂದೆ ಬಂದು ಹೋಗಲೇ ಇಲ್ಲ. ಭಾನುವಾರಗಳನ್ನೆಲ್ಲ ಆಟದಲ್ಲಿ ಕಳೆದುಬಿಟ್ಟೆನೋ, ಇವನು ಬೇರೆ ಏನಾದರೂ ಓದಬೇಕಿತ್ತೋ, ಏನೇನೋ ಬಡಬಡಿಸಿದೆ. ವೀರೇಶ ಎದ್ದು ಹೋಗಿ ಕೈ ತೊಳೆದುಕೊಂಡು ಬಂದ. ಕುರ್ಚಿ ಎಳೆದು ನನ್ನ ಪಕ್ಕಕ್ಕೆ, ಸ್ವಲ್ಪ ವಾರೆಯಾಗಿ ಹಾಕಿಕೊಂಡು ಕೂತ. ಟಿಶ್ಯೂ ಡಬ್ಬಿಯನ್ನು ನನ್ನ ಕೈಗೆ ಸಿಗುವ ಹಾಗೆ ಸರಿಸಿದ. ಆಮೇಲೆ ಒಂದು ಮಾತೂ ಆಡದೆ ಕೂತ. ನನ್ನ ಬಿಕ್ಕು ನಿಲ್ಲುವವರೆಗೂ ಕೂತೇ ಇದ್ದ. ನಾನು ಮೂಗು ಒರೆಸಿಕೊಂಡು ತಲೆ ಎತ್ತಿದಾಗ, ಮೆಲ್ಲಗೆ ಕೇಳಿದ, "ಮನ್ಯಾಗ ಈಗ ನಿಮ್ಮ ಜೋಡಿ ಯಾರರೆ ಅದಾರೇನ್ರಿ ಆಂಟಿ? ಅಂಕಲ್‌ಗೆ ಫೋನ್ ಮಾಡ್ಲೇನು?" ಸೋತವನು ಅವನು. ಸಮಾಧಾನ ಮಾಡಿಸಿಕೊಂಡವಳು ನಾನು. ಅಲ್ಲಿ ಆ ಕಲ್ಲುಗಂಬದ ಪರೀಕ್ಷಕ ಇದ್ದಿದ್ದರೆ ನೂರಕ್ಕೆ ನೂರು ಹಾಕುತ್ತಿದ್ದ, ಆದರೆ ಅಂಕಗಳ ಪಟ್ಟಿ ಆಗಲೇ ಮುಚ್ಚಿಯಾಗಿತ್ತು.

ಮುಂದಿನದು ಕೇಳಿ ನಿಮಗೆ ಸಮಾಧಾನವಾಗಬಹುದು. ವೀರೇಶ ಈಗ ಧಾರವಾಡದಲ್ಲೇ ದವಾಖಾನೆ ಇಟ್ಟುಕೊಂಡಿದ್ದಾನೆ. ಬೆಳಗ್ಗೆಯಿಂದ ಸಾಲು ಇರುತ್ತದಂತೆ. ಅಲ್ಲಿನ ಹೆಂಗಸರು "ಡಾಕ್ಟ್ರು ಭಾಳ ಕೇಳ್ಕೋತಾರ, ಭಾಳ ಹೊತ್ತು ಸುಮ್ಮ ಕೂಡ್ತಾರ, ಏನೂ ಆಗೂದಿಲ್ಲ ಅಂತ ಒಂದು ಮಾತು ಹೇಳ್ಬಾರದೇನು?" ಎಂದು ಅವನ ಹೆಂಡತಿಯ ಹತ್ತಿರ ದೂರುತ್ತಾರಂತೆ. ಆ ದೂರು ನಿಜವಾಗಿ ಬರಬೇಕಾದದ್ದು ಸ್ಟ್ಯಾನ್ಮೋರಿಗೆ. ಲವೀನಾ ಇಲ್ಲೇ ಆಸ್ಪತ್ರೆಯಲ್ಲಿದ್ದಾಳೆ, ಹೊಸಬರಿಗೆ ತರಬೇತಿಯನ್ನೂ ಕೊಡುತ್ತಾಳೆ. ಆದರೆ ಆ ಮಧ್ಯಾಹ್ನ ಇದೆಲ್ಲ ಯಾರಿಗೆ ಗೊತ್ತಿತ್ತು?

ಆ ಮಧ್ಯಾಹ್ನ ವೀರೇಶ, "ಮನಿಗೊಂದು ಫೋನ್ ಮಾಡ್ಲೇನ್ರಿ?" ಎಂದು ಕೇಳಿದ. ಜೇಬಿನಿಂದ ಕಾಲಿಂಗ್ ಕಾರ್ಡ್ ತೆಗೆದು, ಹಜಾರದ ಫೋನಿನಲ್ಲಿ ಅಷ್ಟುದ್ದದ ನಂಬರು ಒತ್ತಿದ. ಅವನಿಗೆ ಏಕಾಂತ ಬೇಕು ಎಂದು ನಾನು ಅಡುಗೆಮನೆಗೆ ಬಂದೆ. ಬಾಗಿಲು ಮಾತ್ರ ಪೂರ್ತಿ ಮುಚ್ಚಲಿಲ್ಲ, ಸುಳ್ಳು ಯಾಕೆ ಹೇಳಲಿ. ಅವನು ಹೆಂಡತಿಯ ಹೆಸರು ಕರೆದ. "ನಿಂತೀ ಏನು? ಕುಂಡ್ರು. ಛಲೋ ಸುದ್ದಿ ಅಲ್ಲ" ಎಂದ. ಒಂದು ಕ್ಷಣ ಬಿಟ್ಟು, "ನಾ ಪಾಸ್ ಆಗ್ಲಿಲ್ಲ. ನಿಮ್ಮನ್ನ ಕರಸ್ಕೊಳ್ಳಾಕ ಆಗೂದಿಲ್ಲ. ನಾನ ಬರ್ತೀನಿ" ಎಂದ. ಅಷ್ಟೇ. ಆಮೇಲೆ ಮಾತಿಲ್ಲ. ಅತ್ತ ಅವಳು ಅಳುತ್ತಿದ್ದಳೋ, ಮಗುವನ್ನು ಎತ್ತಿಕೊಂಡು ಗೋಡೆ ನೋಡುತ್ತಿದ್ದಳೋ, ಇತ್ತ ಇವನು ರಿಸೀವರು ಹಿಡಿದು ನಿಂತೇ ಇದ್ದ. ಕಾರ್ಡಿನ ನಿಮಿಷಗಳು ಹೋಗುತ್ತಿದ್ದವು. ಸರಿಯಾಗಿ, ತಪ್ಪಿಲ್ಲದೆ, ನಾನು ಕಲಿಸಿದ ಹಾಗೆಯೇ ಸುಮ್ಮನಿದ್ದ. ಏನಾದರೂ ಹೇಳೋ, ಏನೂ ಆಗಲ್ಲ ಅಂತಾದರೂ ಹೇಳೋ ಎಂದು ನನ್ನ ಗಂಟಲಿಗೆ ಬಂತು. ಆ ಮೌನವನ್ನು ನನ್ನಿಂದ ತಡೆಯಲಾಗಲಿಲ್ಲ. ರುಬ್ಬುವುದಕ್ಕೆ ಏನೂ ಇರಲಿಲ್ಲ, ಖಾಲಿ ಮಿಕ್ಸಿಯನ್ನೇ ಜೋರಾಗಿ ಹಾಕಿಬಿಟ್ಟೆ.